ಕೀಳರಿಮೆ ಯಾರು ಇಟ್ಟದ್ದು?

(ಹಾಸ್ಟೆಲ್ ವಿದ್ಯಾರ್ಥಿಗಳ ಶಿಬಿರದಲ್ಲಿ ಆಡಿದ ಮಾತು)



ಹಾಸ್ಟೆಲ್ ಹುಡುಗರಿಗೆ ಬುದ್ಧಿ ಹೇಳೋಕೆ ಬರುವ ದೊಡ್ಡವರೆಲ್ಲ ತಪ್ಪದೆ ಒಂದು ಮಾತು ಹೇಳ್ತಾರೆ: 'ಕೀಳರಿಮೆ ಬಿಡಿ, ಮುಂದೆ ಬನ್ನಿ.' ನಾವು ಚಪ್ಪಾಳೆಯನ್ನೂ ತಟ್ಟುತ್ತೇವೆ. ಈ ಕೀಳರಿಮೆ ನಾವು ತಾಯಿ ಹೊಟ್ಟೆಯಿಂದ ಹೊತ್ತು ತಂದದ್ದೇ? ಮನಶ್ಶಾಸ್ತ್ರ ಏನು ಹೇಳುತ್ತೆ ನೋಡೋಣ.

ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕಿಯರು ಒಂದು ಪರೀಕ್ಷೆ ನಡೆಸಿದರು. 2004ರಲ್ಲಿ ವಿಶ್ವಬ್ಯಾಂಕಿನಿಂದ ವರದಿ ಬಂತು. 321 ಮೇಲ್ಜಾತಿ ಶಾಲಾ ಹುಡುಗರು, 321 ದಲಿತ ಹುಡುಗರು. ಕಾಗದದ ಮೇಲೆ ಸುತ್ತುದಾರಿಯ ಚಿತ್ರ. ಹೊರಬರುವ ದಾರಿ ಹುಡುಕಿ ಗೆರೆ ಎಳೆಯಬೇಕು. ಬಿಡಿಸಿದ ಲೆಕ್ಕಕ್ಕೆ ದುಡ್ಡು. ಜಾತಿಯ ಮಾತೇ ಎತ್ತದಿದ್ದಾಗ ಇಬ್ಬರೂ ಸರಿಸಮ. ಬೇರೆ ಗುಂಪುಗಳಲ್ಲಿ ಹೆಸರು, ಊರಿನ ಜೊತೆ ಜಾತಿಯನ್ನೂ ಎಲ್ಲರೆದುರು ಕೂಗಿದರು. ಅಷ್ಟೇ. ದಲಿತ ಹುಡುಗರ ಲೆಕ್ಕ ಕೆಳಗಿಳಿಯಿತು. ಅಂಥವೇ ಹುಡುಗರು, ಅಂಥವೇ ಚಿತ್ರಗಳು. ಈ ಇಳಿದ ಲೆಕ್ಕವನ್ನೇ ಹಿಡಿದು ಊರೆಲ್ಲ 'ಮೆರಿಟ್ ಇಲ್ಲ' ಅನ್ನುತ್ತೆ. ನಾಳೆ ಅದೇ ಸಾರ್ವಜನಿಕ ಅಭಿಪ್ರಾಯ.

ನಮ್ಮ ತರಗತಿಗಳಲ್ಲಿ 'ಸ್ಕಾಲರ್‌ಶಿಪ್‌ನವರು ಎದ್ದು ನಿಲ್ಲಿ' ಅಂದಾಗ ಕತ್ತು ಎಷ್ಟು ಬಗ್ಗುತ್ತೆ ಅಂತ ಯಾರಾದರೂ ಅಳೆದಿದ್ದಾರೆಯೇ?

ಮುಖ್ಯವಾದ್ದು ಇನ್ನೂ ಇದೆ. ದುಡ್ಡು ಯಾರಿಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದಾಗ ಆ ಅಂತರ ಮಾಯವಾಯಿತು! ಚೀಟಿಗೆ ಜಾತಿಯಿಲ್ಲ. ಅಂದರೆ ಹುಡುಗರಿಗೆ ತಮ್ಮ ಮೇಲೆ ನಂಬಿಕೆ ಇಲ್ಲದ್ದಲ್ಲ, ಕೊಡುವ ಕೈಯ ಮೇಲೆ ಇರಲಿಲ್ಲ. ಇದನ್ನು ರೋಗ ಅನ್ನೋದು ಹೇಗೆ? ಅಜ್ಜನ ಕಾಲದಿಂದ ಕೂಲಿ ಅಳೆಯುವ ಸೇರಿನ ಮೋಸ ಕಂಡವರ ಲೆಕ್ಕಾಚಾರ ಇದು. ಆ ಅಪನಂಬಿಕೆ ಸುಳ್ಳೂ ಅಲ್ಲ. ಸುಖದೇವ ಥೋರಟ್, ಪಾಲ್ ಅಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ: ಖಾಸಗಿ ಕಂಪನಿಗಳಿಗೆ ಸಮಾನ ಓದಿನ ಅರ್ಜಿಗಳನ್ನು ಕಳಿಸಿದರು, ಹೆಸರು ಮಾತ್ರ ಬೇರೆ ಬೇರೆ. ದಲಿತ ಹೆಸರಿನ ಅರ್ಜಿಗಳಿಗೆ ಬಂದ ಕರೆ ಕಡಿಮೆ. ಕೀಳರಿಮೆ ಬಿಡಿ ಅನ್ನುವವರು ಆ ಕಂಪನಿಗಳಿಗೂ ಒಂದು ಭಾಷಣ ಮಾಡಿ ಬರಲಿ.

ಹಾಗಂತ ಜಾತಿ ಮುಚ್ಚಿಟ್ಟುಕೊಂಡು ಬದುಕಿ ಅಂತ ನಾವು ಹೇಳ್ತಿಲ್ಲ. ದಲಿತರು ಅಂತ ನಾವೇ ಎದೆ ತಟ್ಟಿ ಹೇಳೋದು ಬೇರೆ, ಅವರು ಕೂಗಿ ಎಬ್ಬಿಸಿ ನಿಲ್ಲಿಸೋದು ಬೇರೆ.

ಸ್ಕಾಲರ್‌ಶಿಪ್ ಪಟ್ಟಿಯನ್ನು ತರಗತಿಯಲ್ಲಿ ಕೂಗಬಾರದು, ಆಫೀಸಿನಲ್ಲಿ ಒಬ್ಬೊಬ್ಬರನ್ನೇ ಕರೆದು ಹೇಳಬೇಕು. ಕಾಲೇಜಿನ ಪರೀಕ್ಷೆಗಳ ಉತ್ತರಪತ್ರಿಕೆಯಲ್ಲಿ ಹೆಸರು ಬೇಡ, ನಂಬರು ಸಾಕು. ಈ ಎರಡು ಬೇಡಿಕೆಗಳ ಅರ್ಜಿ ಬಾಗಿಲ ಬಳಿಯ ಮೇಜಿನ ಮೇಲಿದೆ. ಓದಿ, ಒಪ್ಪಿಗೆಯಾದರೆ ಸಹಿ ಹಾಕಿ ಹೋಗಿ.