ಮೊದಲು ಮೈಕು ಮುಚ್ಚಿ

ಭಜನಾ ಮಂಡಳಿ, ಚರ್ಚಿನ ಗಾಯನ ತಂಡ, ಮಹಿಳಾ ಸಮಾಜದ ಹಾಡಿನ ಬಳಗ, ಇಂಥವನ್ನು ನಡೆಸಿಕೊಂಡು ಬರುವವರ ಜೊತೆ ಇವತ್ತು ನಾಲ್ಕು ಮಾತು ಆಡಬೇಕಿದೆ. 2021ರ ಮೇ 10ರಿಂದ ಕರ್ನಾಟಕದಲ್ಲಿ ಕೋವಿಡ್ ಲಾಕ್‌ಡೌನ್ ಬಿಗಿಯಾದ ಮೇಲೆ ಫೋನು ಮಾಡಿದವರೆಲ್ಲ ಕೇಳಿದ್ದು ಒಂದೇ: "ಮೇಡಂ, ನಾವು ಐದಾರು ಜನ ಮಾತ್ರ. ಬಾಗಿಲು ಹಾಕಿಕೊಂಡು ಮೆಲ್ಲಗೆ ಹಾಡಿಕೊಂಡರೆ ಆಗುತ್ತಾ?"

ಆಗೋದಿಲ್ಲ ಅಂದೆ. ಬಾಗಿಲು ಹಾಕಿಕೊಂಡಂತೂ ಆಗೋದೇ ಇಲ್ಲ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬಲ್ಲಿ ಒಂದು ಗಾಯನ ತಂಡ ಎರಡೂವರೆ ಗಂಟೆ ತಾಲೀಮು ನಡೆಸಿತು. ಬಂದಿದ್ದವರು 61 ಮಂದಿ. ಅವರಲ್ಲಿ ಒಬ್ಬರಿಗೆ ಮೊದಲೇ ನೆಗಡಿಯಂಥ ಲಕ್ಷಣ ಇತ್ತು. ಕೊನೆಗೆ ಖಚಿತವಾದವು, ಶಂಕಿತವಾದವು ಎಲ್ಲ ಸೇರಿ 53 ಕೋವಿಡ್ ಪ್ರಕರಣ. ಇಬ್ಬರು ತೀರಿಕೊಂಡರು. ದನಿ ಏರಿದಷ್ಟೂ ಬಾಯಿಂದ ಹೆಚ್ಚು ಹನಿ ಗಾಳಿಗೆ ಸೇರುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಅಲ್ಲೇ ಸುತ್ತುತ್ತಿರುತ್ತದೆ. ಇಷ್ಟು ತಿಳಿದರೆ ಸಾಕು. ಆಸ್ಪತ್ರೆಗಳಲ್ಲಿ ಆಕ್ಸಿಜನ್ ಹಾಸಿಗೆಗೆ ಜನ ಕಾದು ನಿಂತಿದ್ದಾಗ ಏಕಾದಶಿ ಭಜನೆ ತಪ್ಪಿತು ಅಂತ ಯಾವ ದೇವರೂ ಮುನಿಸಿಕೊಳ್ಳುತ್ತಿರಲಿಲ್ಲ.

ಸರಿ, ಹಾಗಾದರೆ ಮೊಬೈಲಿನ ವಿಡಿಯೋ ಕರೆಯಲ್ಲೇ ಸೇರೋಣ ಅಂತ ಹೊರಟಿರಿ. ಒಳ್ಳೆಯದು. ಆದರೆ ನನ್ನ ತಕರಾರು ಶುರುವಾಗುವುದೇ ಇಲ್ಲಿ. ಯಾವ ತಂಡದ ಕರೆಗೆ ಹೋಗಿ ಕೂತರೂ ಅದೇ ತಪ್ಪು. ಮುಖಗಳೆಲ್ಲ ಕಂಡ ಕೂಡಲೇ ಮುಖ್ಯಸ್ಥರು "ಎಲ್ಲರೂ ಮೈಕ್ ಆನ್ ಮಾಡ್ಕೊಳ್ಳಿ, ಒಟ್ಟಿಗೆ ಎತ್ತೋಣ" ಅನ್ನುತ್ತಾರೆ. ಪಲ್ಲವಿ ಮುಗಿಯುವಷ್ಟರಲ್ಲಿ ಒಬ್ಬರು ಚರಣಕ್ಕೆ ದಾಟಿರುತ್ತಾರೆ, ಒಬ್ಬರು ಇನ್ನೂ ಎತ್ತುಗಡೆಯಲ್ಲೇ ಇರುತ್ತಾರೆ, ನಡುವೆ ಯಾರದೋ ಕುಕ್ಕರ್ ಮೂರನೇ ಸೀಟಿ ಹೊಡೆಯುತ್ತದೆ. ಆಗ "ನಿಧಾನ, ನಿಧಾನ" ಎಂಬ ಕೂಗು. ಅವರು ನಿಧಾನ ಮಾಡುತ್ತಾರೆ, ಅದನ್ನು ಕೇಳಿಸಿಕೊಂಡ ಇವರು ಇನ್ನೂ ನಿಧಾನ ಮಾಡುತ್ತಾರೆ, ಆದಿತಾಳ ಹೋಗಿ ಯಾವ ತಾಳವೂ ಅಲ್ಲದ್ದೊಂದು ಆಗುತ್ತದೆ. ಕೊನೆಗೆ ಬೈಗುಳ ಬೀಳುವುದು ಪಾಪ ಹಾಡುವವರ ಮೇಲೆ.

ತಪ್ಪು ಅವರದಲ್ಲ. ದನಿ ಒಂದು ಫೋನಿನಿಂದ ಇನ್ನೊಂದಕ್ಕೆ ಹೋಗುವಾಗ ತಡವಾಗುತ್ತದೆ. ಸೆಕೆಂಡಿನ 30ರಲ್ಲಿ ಒಂದು ಪಾಲು ತಡವಾದರೂ ತಾಳ ಜಗ್ಗುತ್ತದೆ, ನಮ್ಮ ನೆಟ್‌ವರ್ಕಿನಲ್ಲಿ ಅದರ ಎಷ್ಟೋ ಪಟ್ಟು ಆಗುತ್ತದೆ. ನಿಮ್ಮ ಬೈಗುಳಕ್ಕೆ ಅದು ಬಗ್ಗುವುದಿಲ್ಲ. 2020ರಲ್ಲಿ ಅಮೆರಿಕದ ಸಂಗೀತ ಸಂಯೋಜಕ ಎರಿಕ್ ವಿಟೇಕರ್ 129 ದೇಶಗಳ 17,572 ಮಂದಿಯಿಂದ ಒಂದು ಹಾಡು ಹಾಡಿಸಿದರು. ಅಷ್ಟು ಜನರಲ್ಲಿ ಯಾರೂ ಆನ್‌ಲೈನಿನಲ್ಲಿ ಒಟ್ಟಿಗೆ ಹಾಡಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಹಾಡಿ ಕಳಿಸಿದರು, ಆಮೇಲೆ ಜೋಡಿಸಿದರು. ಅವರಿಗೇ ಆಗದ್ದು ನಿಮ್ಮ ಗುರುವಾರದ ಕರೆಯಲ್ಲಿ ಆಗಿಬಿಡುತ್ತದೆಯೇ?

ಹೀಗೆ ಒಬ್ಬೊಬ್ಬರೇ ಹಾಡಿ ಕಳಿಸಿದ ತೀರ್ಥಹಳ್ಳಿ ಕಡೆಯ ಒಂದು ಮಂಡಳಿಯ ಸಂಗತಿ ಹೇಳುತ್ತೇನೆ. ಅಲ್ಲಿ ಸಿಗ್ನಲ್ಲು ಸಿಗಬೇಕಾದರೆ ಗುಡ್ಡ ಹತ್ತಬೇಕಿತ್ತು, ವಿಡಿಯೋ ಕರೆಯ ಮಾತೇ ಇರಲಿಲ್ಲ. ಮಂಡಳಿ ನಡೆಸುವ ಟೀಚರಮ್ಮ ದಿನಕ್ಕೊಂದು ಸಾಲನ್ನು ತಾವು ಹಾಡಿ ವಾಟ್ಸಾಪಿಗೆ ಹಾಕುತ್ತಿದ್ದರು. ಉಳಿದವರು ಅದನ್ನು ಕೇಳಿ, ತಾವೂ ಹಾಡಿ ಕಳಿಸಬೇಕಿತ್ತು. ಹಿಂದಿನ ಸಾಲಿನಲ್ಲಿ ಕೂತು ತುಟಿ ಆಡಿಸುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದ ಒಬ್ಬ ಅಜ್ಜಿ ಇದ್ದರು. ಮೊಮ್ಮಗ ಫೋನು ಹಿಡಿದ, ಅಜ್ಜಿ ಅಂಗಳದಲ್ಲಿ ಹಲಸಿನ ಹಪ್ಪಳ ಹರವುತ್ತಲೇ ಹಾಡಿದರು. ಕೇಳಿದರೆ ದಾಸರ ಪದ ಅದೇ, ಮಟ್ಟು ಮಾತ್ರ ಬೇರೆ! ಟೀಚರಮ್ಮ ತಿದ್ದಲು ಹೋದಾಗ, "ನಮ್ಮ ತವರಲ್ಲಿ ಇದನ್ನ ಹೀಗೇ ಹೇಳೋದು ಮಾರಾಯ್ತಿ, ನಿಮ್ಮ ಗದ್ದಲದಲ್ಲಿ ಯಾರಿಗೆ ಕೇಳ್ತಿತ್ತು" ಅಂದರಂತೆ. ದಾಸರ ಪದಗಳ ಮೂಲ ಮಟ್ಟುಗಳು ಬಹುಪಾಲು ನಮಗೆ ಉಳಿದಿಲ್ಲ, ಊರಿಗೊಂದು ಮನೆಗೊಂದು ಧಾಟಿ ಇರುವುದು ಸಹಜ. ಆಮೇಲೆ ಆ ಮಂಡಳಿಯವರೆಲ್ಲ ಅಜ್ಜಿಯ ಮಟ್ಟು ಕಲಿಯತೊಡಗಿದರು.

ನೀವು ಮಾಡಬೇಕಾದ್ದು ಇಷ್ಟು. ಕರೆಯಲ್ಲಿ ನಿಮ್ಮದೊಂದೇ ಮೈಕು ತೆರೆದಿರಲಿ. ನೀವು ಹಾಡಿ, ಉಳಿದವರು ಮೈಕು ಮುಚ್ಚಿಕೊಂಡು ನಿಮ್ಮ ಜೊತೆ ಹಾಡಲಿ. ಅವರ ದನಿ ಕೇಳಬೇಕೆನಿಸಿದರೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯಿರಿ, ಮನಸ್ಸಿಲ್ಲದವರನ್ನು ಬಲವಂತ ಮಾಡಬೇಡಿ. ಶ್ರುತಿಪೆಟ್ಟಿಗೆ ಫೋನಿನ ಮುಂದಿಟ್ಟರೆ ಎರಡು ಕ್ಷಣ ಕೇಳಿ ಮಾಯವಾಗುತ್ತದೆ, ಆ್ಯಪು ಅದನ್ನು ಫ್ಯಾನಿನ ಸದ್ದು ಅಂತ ತಿಳಿದು ನುಂಗಿಹಾಕುತ್ತದೆ. ಜೂಮ್‌ನಲ್ಲಿ ಅದನ್ನು ತಪ್ಪಿಸುವ ಸೆಟ್ಟಿಂಗ್ ಇದೆ, ಮಕ್ಕಳ ಕೈಯಲ್ಲಿ ಹಾಕಿಸಿಕೊಳ್ಳಿ. ಅದಕ್ಕಿಂತ ಸುಲಭ, ಶ್ರುತಿಯನ್ನು ಧ್ವನಿಮುದ್ರಿಸಿ ಎಲ್ಲರಿಗೂ ಮೊದಲೇ ಕಳಿಸಿಬಿಡಿ. ಐದೂವರೆ ಮನೆಯೋ ಆರೋ, ಅದನ್ನು ಕಳಿಸುವಾಗಲೇ ಬರೆದು ಹಾಕಿ. ಹಾಡು ಮುದ್ರಿಸುವವರು ಒಂದು ಫೋನಿಗೆ ಇಯರ್‌ಫೋನ್ ಸಿಕ್ಕಿಸಿ ಶ್ರುತಿ, ತಾಳ ಕೇಳಿಸಿಕೊಳ್ಳಲಿ, ಇನ್ನೊಂದು ಫೋನಿನಲ್ಲಿ ಮುದ್ರಿಸಲಿ. ಶುರುವಿಗೆ ಒಂದು ಚಪ್ಪಾಳೆ ತಟ್ಟಿದರೆ ಜೋಡಿಸುವವರಿಗೆ ಅನುಕೂಲ. ಬಟ್ಟೆ ತುಂಬಿದ ಕೋಣೆ ಒಳ್ಳೆಯದು, ಬಚ್ಚಲುಮನೆ ಬೇಡ. ಒಂದು ಸಲಕ್ಕೆ ಒಂದು ಚರಣ ಸಾಕು, ಜೂಮ್‌ನ ಉಚಿತ ಕರೆ ಹೇಗೂ 40 ನಿಮಿಷಕ್ಕೆ ಕಟ್ಟಾಗುತ್ತದೆ. ಬರೀ ಹಾಡಿಸುತ್ತಲೇ ಇರಬೇಡಿ. ಒಂದು ದಿನ ತವರಿನ ಹಾಡು ತರಲು ಹೇಳಿ, ಒಂದು ದಿನ ಅದೇ ಪದಕ್ಕೆ ಬೇರೆ ರಾಗ ಕೂರಿಸಲು ಹೇಳಿ, ಒಂದು ದಿನ ಬರೀ ಕೇಳಿ. ಇಷ್ಟೆಲ್ಲ ಹೇಳಿದ ಮೇಲೂ ಮುಂದಿನ ವಾರ ಯಾರಾದರೂ ಎಲ್ಲರ ಮೈಕು ತೆರೆಸಿಯೇ ತೆರೆಸುತ್ತೀರಿ, ನನಗೆ ಗೊತ್ತು.

ಕೊನೆಯದಾಗಿ, ಕೋವಿಡ್ ಬಂದು ಗುಣವಾದವರು ನಿಮ್ಮ ತಂಡದಲ್ಲಿದ್ದರೆ ಅವರನ್ನು ತಾರಸ್ಥಾಯಿಗೆ ಎಳೆಯಬೇಡಿ. ವೈದ್ಯರನ್ನು ಕೇಳಿಕೊಂಡು, ಮಂದ್ರದಲ್ಲಿ ಮೆಲ್ಲಗೆ ಗುನುಗುವುದರಿಂದ ಶುರುಮಾಡಲಿ. ಉಸಿರು ಕಟ್ಟಿ ನಿಲ್ಲಿಸುವ ಸಾಹಸ ಈಗ ಬೇಡ. ಒಂದು ಸಾಲಿಗೇ ಏದುಸಿರು ಬಂದರೆ ಹಾಡು ಅಲ್ಲಿಗೇ ನಿಲ್ಲಿಸಿ, ಅವತ್ತೇ ವೈದ್ಯರಿಗೆ ತೋರಿಸಿ.