ಹೊಸ ಹಲಗೆಯ ವಾಸನೆ

(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಕೋಲ್ಕತ್ತದಲ್ಲಿ ಹೋಟೆಲಿನ ಅಟ್ಟಕ್ಕೆ ಹೊಸ ನೆಲ ಹಾಸುವಾಗ, ಒಂದು ಬಾಡಿಗೆ ಕೋಣೆಯನ್ನು ಎರಡು ಮಾಡುವಾಗ, ಈಗ ಹೆಚ್ಚಾಗಿ ತರುವುದು ಪ್ಲೈವುಡ್, ಇಲ್ಲವೇ ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ. ಅಲ್ಲಿ ಮಲಗಿದವರಿಗೆ ಕಣ್ಣು ಉರಿಯುತ್ತದೆ, ಗಂಟಲು ಕೆರೆಯುತ್ತದೆ. “ಹೊಸತಲ್ಲವೇ, ವಾಸನೆ ತಾನಾಗಿ ಹೋಗುತ್ತದೆ” ಎಂದು ಸಮಾಧಾನ ಹೇಳುವವರಿದ್ದಾರೆ. ಆ ವಾಸನೆಗೆ ಒಂದು ಹೆಸರಿದೆ: ಫಾರ್ಮಾಲ್ಡಿಹೈಡ್.

ಅಗ್ಗದ ಹಲಗೆಯ ಅಂಟನ್ನು ಯೂರಿಯಾ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಮಾಡುತ್ತಾರೆ. ಸೆಕೆ, ತೇವ ತಗಲಿದರೆ ಆ ಅಂಟು ಸ್ವಲ್ಪಸ್ವಲ್ಪವಾಗಿ ಬಿಟ್ಟು ಅನಿಲ ಹೊರಬರುತ್ತದೆ. ಹೊಸದರಲ್ಲಿ ಹೆಚ್ಚು, ಬರಬರುತ್ತಾ ಕಡಿಮೆ. ಆದರೂ ತಿಂಗಳುಗಟ್ಟಲೆ ಇರುತ್ತದೆ. ಅಡಿಗೆಮನೆಯ ಮೇಲಿನ ಅಟ್ಟ, ಅದರ ಮೇಲೆ ಇಲ್ಲಿಯ ಮಳೆಗಾಲ. ಇನ್ನೇನು ಬೇಕು? 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು.

ಇದಕ್ಕೆ ಮಿತಿ ಹಾಕಿದವರಿಲ್ಲವೇ? ಇದ್ದಾರೆ. ಅಮೆರಿಕೆಯಲ್ಲಿ 2005ರ ಕತ್ರಿನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರಿಗೆ ಸರಕಾರವೇ ಗಾಲಿಮನೆಗಳನ್ನು ಕೊಟ್ಟಿತು. ಒಳಗಿದ್ದವರು ಕಣ್ಣುರಿ, ಕೆಮ್ಮು ಎಂದು ದೂರಿದರು. ಪರೀಕ್ಷೆ ನಡೆದು, 2008ರಲ್ಲಿ ಈ ಅನಿಲ ಹೆಚ್ಚಿರುವುದು ಪ್ರಕಟವಾಯಿತು. ಕ್ಯಾಲಿಫೋರ್ನಿಯ ರಾಜ್ಯವು 2007ರಲ್ಲಿ ಹಾಕಿದ್ದ ಮಿತಿಗಳನ್ನೇ 2010ರಲ್ಲಿ ಇಡೀ ದೇಶದ ಕಾನೂನು ಮಾಡಿದರು. ಗಟ್ಟಿಮರದ ಪ್ಲೈವುಡ್ಡಿಗೆ ಪರೀಕ್ಷೆಯಲ್ಲಿ ಸಿಗುವ ಮಿತಿ ಎರಡು ಕೋಟಿ ಪಾಲು ಗಾಳಿಗೆ ಒಂದೇ ಪಾಲು. ಯುರೋಪಿನಲ್ಲಿ ‘ಇ-1’ ಎಂಬ ದರ್ಜೆಗೆ ಘನ ಮೀಟರಿಗೆ 0.124 ಮಿಲಿಗ್ರಾಂ ಮಿತಿಯಿತ್ತು. 2026ರ ಆಗಸ್ಟಿನಿಂದ ಅದನ್ನು ಅರ್ಧಕ್ಕಿಳಿಸಲು 2023ರಲ್ಲಿ ನಿಯಮ ಮಾಡಿದರು. ಒಳಗೆ ಮಲಗುವವರು ಬಾಯಿ ಬಿಟ್ಟಲ್ಲಿ ಕಾನೂನು ಬೇಗ ನಡೆಯುತ್ತದೆ.

ಆದ್ದರಿಂದ, ಅಣ್ಣಂದಿರೇ, ಮಾಲಿಕರ ಮುಂದೆ ಮೂರು ಮಾತು ಇಡೋಣ. ಮಲಗುವ ಕಡೆ ಹಾಕುವ ಹಲಗೆ ಇ-1 ದರ್ಜೆಯದಾಗಿರಲಿ, ಇಲ್ಲವೇ ಫಿನಾಲ್ ಅಂಟಿನದಾಗಿರಲಿ. ಆ ಅಂಟಿನ ಗೆರೆ ಕೆಂಗಂದು ಬಣ್ಣದ್ದು, ಬೆಲೆ ಹೆಚ್ಚು, ಹಿಡಿತ ಭದ್ರ. ಹಲಗೆ ಕೂಡಿಸಿದ ಮೇಲೆ ಕೆಲವು ವಾರ ಗಾಳಿಯಾಡಲು ಬಿಟ್ಟು ಅನಂತರ ಮಲಗಲು ಕೊಡಲಿ. ಅಟ್ಟಕ್ಕೆ ಕಿಟಕಿ ಇರಲಿ. ಹಲಗೆಯ ಕಾರ್ಖಾನೆಯಲ್ಲಿ ಬಿಸಿ ಪ್ರೆಸ್ಸಿನ ಮುಂದೆ ನಿಲ್ಲುವ ತಮ್ಮಂದಿರನ್ನೂ ಮರೆಯದಿರೋಣ. ಈ ಅನಿಲವನ್ನು ಮೊದಲು ಉಸಿರಾಡುವವರು ಅವರೇ. ಅಲ್ಲಿ ಹೊಗೆ ಹೊರಗೆಳೆಯುವ ಫ್ಯಾನು ಬೇಕೆಂದು ಕೇಳುವುದು ಅವರ ಹಕ್ಕು.

ಹಲಗೆಗೆ ಮೊಳೆ ಬೀಳುವ ಮೊದಲೇ ಕೇಳಿ. ಬಿದ್ದ ಮೇಲೆ ಕೀಳಿಸುವುದು ಕಷ್ಟ.