ಫ್ಯಾನಿಗೆ ಮೊದಲು ಮದರ್‌ಬೋರ್ಡ್ ನೋಡಿ



ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆಯ ಎಷ್ಟೋ ಕಾಲೇಜು ಮಕ್ಕಳು ಈಗ ತಮ್ಮ ಕಂಪ್ಯೂಟರನ್ನು ತಾವೇ ಜೋಡಿಸಿಕೊಳ್ಳುತ್ತಾರೆ. ಹಸಿರು ಮಾರ್ಗದ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದರೆ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡು ನಡೆದುಹೋಗುವಷ್ಟೇ ದೂರ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಬಿಟಿಎಂ ಲೇಔಟ್‌ನವರಿಗೂ ಸುಲಭವಾಗಿದೆ, ಆರ್.ವಿ. ರೋಡಿನಲ್ಲಿ ಗಾಡಿ ಬದಲಿಸಿದರೆ ಆಯಿತು. ಎಸ್.ಪಿ. ರೋಡಿನ ಅಂಗಡಿಯಲ್ಲಿ ಗಾಜಿನ ಕ್ಯಾಬಿನೆಟ್ಟಿನೊಳಗೆ ಬಣ್ಣ ಬದಲಿಸುತ್ತಾ ತಿರುಗುವ ಫ್ಯಾನ್ ಕಂಡರೆ ಆಸೆಯಾಗುವುದು ಸಹಜ. ಆಸೆಪಡಿ, ತಪ್ಪೇನಿಲ್ಲ. ಆದರೆ ಕೂಡಿಟ್ಟ ದುಡ್ಡಿನಲ್ಲಿ ಜೋಡಿಸುವವರು ಮದರ್‌ಬೋರ್ಡ್ ಯಾವುದೆಂದು ತೀರ್ಮಾನಿಸಿ, ಅದಕ್ಕೆ ಹೊಂದುವ ಲೈಟನ್ನೇ ಕೊಳ್ಳಬೇಕು.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಲೈಟುಗಳಿವೆ. ನಾಲ್ಕು ಪಿನ್ನಿನ ಆರ್‌ಜಿಬಿ 12 ವೋಲ್ಟಿನದು. ಅದರಲ್ಲಿ ಇಡೀ ಪಟ್ಟಿ ಒಂದು ಹೊತ್ತಿಗೆ ಒಂದೇ ಬಣ್ಣ ತೋರಿಸುತ್ತದೆ. ಮೂರು ಪಿನ್ನಿನ ಎಆರ್‌ಜಿಬಿ 5 ವೋಲ್ಟಿನದು. ಇದರ ಎಲ್‌ಇಡಿಗಳಲ್ಲಿ ಪುಟ್ಟ ಚಿಪ್ ಇರುತ್ತದೆ. ಡೇಟಾ ತಂತಿಯಲ್ಲಿ ಬಂದ ಆಜ್ಞೆಯನ್ನು ಅದು ಓದಿಕೊಳ್ಳುವುದರಿಂದಲೇ ಬಣ್ಣ ಅಲೆ ಅಲೆಯಾಗಿ ಓಡುತ್ತದೆ. ಇವತ್ತು ಹೊಸದಾಗಿ ಕೊಳ್ಳುವವರು ಎಆರ್‌ಜಿಬಿಯನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.

ಈಗ ಮದರ್‌ಬೋರ್ಡಿನ ಅಂಚನ್ನು ಹತ್ತಿರದಿಂದ ನೋಡಿ. ಲೈಟಿನ ಪ್ಲಗ್ಗು ಕೂರುವ ಪಿನ್ನುಗಳ ಸಾಲೇ ಹೆಡರ್. 5 ವೋಲ್ಟಿನ ಹೆಡರಿನಲ್ಲಿ ಅಕ್ಕಪಕ್ಕ ಎರಡು ಪಿನ್, ಆಮೇಲೊಂದು ಖಾಲಿ ಜಾಗ, ಆಮೇಲೆ ಇನ್ನೊಂದು ಪಿನ್. 12 ವೋಲ್ಟಿನದರಲ್ಲಿ ನಾಲ್ಕೂ ಪಿನ್ ಸಾಲಾಗಿವೆ. 5 ವೋಲ್ಟಿನ ಪ್ಲಗ್ಗಿನಲ್ಲಿ ಆ ಖಾಲಿ ಜಾಗದ ತೂತು ಮುಚ್ಚಿರಬೇಕು. ಮುಚ್ಚದ ಪ್ಲಗ್ಗು 12 ವೋಲ್ಟಿನ ಹೆಡರಿನ ಮೇಲೂ ಸಲೀಸಾಗಿ ಕೂತುಬಿಡುತ್ತದೆ. ಹಾಗೆ ಕೂತು ಕರೆಂಟ್ ಹರಿದರೆ ಎಲ್‌ಇಡಿಗಳು ಸುಟ್ಟುಹೋಗುತ್ತವೆ. ಪಿನ್ನಿನ ಆಕಾರವನ್ನಷ್ಟೇ ಬದಲಿಸುವ ಅಡಾಪ್ಟರ್ ವೋಲ್ಟೇಜನ್ನು ಇಳಿಸುವುದಿಲ್ಲ, ಅದನ್ನು ನಂಬಬೇಡಿ. ಬೋರ್ಡಿನ ಮೇಲೆ ಅಚ್ಚಾದ ಹೆಸರು ಓದಿ: ಎಂಎಸ್‌ಐ ಕಂಪನಿಯ ಹಲವು ಬೋರ್ಡುಗಳಲ್ಲಿ 5 ವೋಲ್ಟಿಗೆ ಜೆ-ರೈನ್‌ಬೋ, 12ಕ್ಕೆ ಜೆ-ಆರ್‌ಜಿಬಿ, ಗಿಗಾಬೈಟ್ ಕಂಪನಿಯ ಹಲವು ಬೋರ್ಡುಗಳಲ್ಲಿ 5ಕ್ಕೆ ಡಿ-ಎಲ್‌ಇಡಿ, 12ಕ್ಕೆ ಎಲ್‌ಇಡಿ-ಸಿ. ಹಲವು ಫ್ಯಾನುಗಳ ಮೋಟಾರಿಗೂ ನಾಲ್ಕು ಪಿನ್ನಿನ ಬೇರೆ ತಂತಿ ಬರುತ್ತದೆ. ಅದು ಹೋಗುವ ಹೆಡರಿನ ಪಕ್ಕದಲ್ಲಿ ಪ್ಲಾಸ್ಟಿಕ್ ನಾಲಿಗೆಯಿರುತ್ತದೆ, ಲೈಟಿನದಕ್ಕೆ ಇರುವುದಿಲ್ಲ.

ಎಚ್610, ಎ520 ಚಿಪ್‌ಸೆಟ್ಟಿನ ಅಗ್ಗದ ಬೋರ್ಡುಗಳಲ್ಲಿ ಕೆಲವಕ್ಕೆ 5 ವೋಲ್ಟಿನ ಹೆಡರೇ ಇರುವುದಿಲ್ಲ. ಒಂದೇ ಹೆಸರಿನ ಬೋರ್ಡಿನಲ್ಲೂ ಕೊನೆಯ ಒಂದು ಅಕ್ಷರ ಬದಲಾದರೆ ಹೆಡರು ಮಾಯವಾಗಬಹುದು. ಮನೆಯಿಂದ ಹೊರಡುವ ಮೊದಲೇ ಕಂಪನಿಯ ಜಾಲತಾಣದಿಂದ ಆ ಮಾಡೆಲ್ಲಿನ ಮ್ಯಾನುಯಲ್ ಇಳಿಸಿಕೊಂಡು ನೋಡಿ. ಅಂಗಡಿಯವರ ಬಾಯಿಮಾತಿಗಿಂತ ಅದೇ ಭದ್ರ.

ಹೆಡರು ಇಲ್ಲದಿದ್ದರೆ, ಎಲ್ಲ ಫ್ಯಾನುಗಳ ತಂತಿ ಒಂದೆಡೆ ಸೇರುವ ಹಬ್ ಸಮೇತ ಬರುವ ಫ್ಯಾನುಗಳಿವೆ. ಹಬ್‌ಗೆ ಎಸ್‌ಎಂಪಿಎಸ್‌ನಿಂದ, ಅಂದರೆ ಕಂಪ್ಯೂಟರಿನ ಪವರ್ ಸಪ್ಲೈಯಿಂದ, ನೇರ ಕರೆಂಟ್. ಬಣ್ಣ ಬದಲಿಸಲು ರಿಮೋಟು, ಇಲ್ಲವೇ ಕ್ಯಾಬಿನೆಟ್ಟಿನ ರೀಸೆಟ್ ಬಟನ್. ಕಡಿಮೆ ಬಜೆಟ್ಟಿಗೆ ಇದು ಒಳ್ಳೆಯ ದಾರಿಯೇ. ಆದರೆ ಅಂಥ ಫ್ಯಾನುಗಳಲ್ಲಿ ಹಲವಕ್ಕೆ ಆರು ಪಿನ್ನಿನ ಸ್ವಂತ ಪ್ಲಗ್ಗು. ನಾಳೆ ಒಂದು ಕೆಟ್ಟರೆ ಬೇರೆ ಕಂಪನಿಯದು ಅಲ್ಲಿ ಕೂರುವುದಿಲ್ಲ. ಸಾಧ್ಯವಾದರೆ ಮೂರು ಪಿನ್ನಿನ ಪ್ಲಗ್ಗು ಇರುವುದನ್ನೇ ಕೇಳಿ ಪಡೆಯಿರಿ.

ಲೆಕ್ಕದ ಮಾತೂ ಇದೆ. 5 ವೋಲ್ಟಿನ ಹೆಡರು ಸಾಮಾನ್ಯವಾಗಿ 3 ಆಂಪಿಯರ್ ಕೊಡುತ್ತದೆ, ಅಂದರೆ 15 ವ್ಯಾಟ್. ಒಂದು ಎಲ್‌ಇಡಿ ಪೂರ್ತಿ ಬೆಳ್ಳಗೆ ಉರಿದಾಗ ಸುಮಾರು 60 ಮಿಲಿ ಆಂಪಿಯರ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ, 50 ಎಲ್‌ಇಡಿಗೆ ಆ ಮಿತಿ ಮುಗಿಯಿತು. ಸ್ಪ್ಲಿಟರ್ ಹಾಕಿ ನಾಲ್ಕಾರು ಫ್ಯಾನು, ಮೇಲೊಂದು ಪಟ್ಟಿ ಸೇರಿಸುವ ಮುನ್ನ ಎಣಿಸಿ. ಹೆಚ್ಚಾದರೆ ಬೇರೆ ಕರೆಂಟ್ ತೆಗೆದುಕೊಳ್ಳುವ ಹಬ್ ಬೇಕು.

ಇನ್ನು ದುಡ್ಡು. ಲೈಟಿನ ಆಸೆಗೆ ಹೆಸರಿಲ್ಲದ ಎಸ್‌ಎಂಪಿಎಸ್ ಹಾಕಿಸಿಕೊಳ್ಳಬೇಡಿ, ದಯವಿಟ್ಟು. ಅದು ಕೈಕೊಟ್ಟರೆ ಉಳಿದ ಭಾಗಗಳಿಗೂ ಅಪಾಯ. ಬಣ್ಣದ ರ‍್ಯಾಮಿನ ಬದಲು ಅದೇ ಹಣಕ್ಕೆ ಸಾದಾ ರ‍್ಯಾಮ್ ಹೆಚ್ಚು ಸಿಗುವುದಾದರೆ ಅದನ್ನೇ ತನ್ನಿ. ಮುಂಭಾಗ ಜಾಲರಿಯಿರುವ ಕ್ಯಾಬಿನೆಟ್ ಇರಲಿ, ಗಾಳಿ ಆಡಬೇಕು. ಬೋರ್ಡಿನಲ್ಲಿ ಹೆಡರು ಇದ್ದರೆ ಬಣ್ಣದ ಫ್ಯಾನನ್ನು ಆರು ತಿಂಗಳು ಬಿಟ್ಟೂ ಹಾಕಿಕೊಳ್ಳಬಹುದು.

ಕೊಂಡ ಮೇಲೆ ಅಂಗಡಿಯಲ್ಲೇ ಉರಿಸಿ ತೋರಿಸಲು ಹೇಳಿ, ಜಿಎಸ್‌ಟಿ ಬಿಲ್ಲು ಪಡೆಯಿರಿ. ಮನೆಯಲ್ಲಿ ಕಂಪ್ಯೂಟರ್ ಆಫ್ ಮಾಡಿದ ಮೇಲೂ ಲೈಟು ಉರಿಯುತ್ತಿದ್ದರೆ ಗಾಬರಿಯಾಗಬೇಡಿ. ಬಯೋಸ್‌ಗೆ ಹೋಗಿ ಇಆರ್‌ಪಿ ಎಂಬ ಆಯ್ಕೆ ಹುಡುಕಿ ಆನ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.